ಹಿಂದಕ್ಕೆ ವಾಲಿದ ಗೆರೆಯ ಗುಟ್ಟು

ಉಕ್ತಲೇಖನ ಬರೆಯದೆ ಶಾಲೆ ದಾಟಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮೇಷ್ಟ್ರು ನಿಧಾನವಾಗಿ ಹೇಳುತ್ತಾ ಹೋಗುತ್ತಾರೆ: “ಮಳೆ ಬಂತು ಪೂರ್ಣವಿರಾಮ. ಕೆರೆ ತುಂಬಿತು ಪೂರ್ಣವಿರಾಮ.” ಮಕ್ಕಳು ‘ಪೂರ್ಣವಿರಾಮ’ ಎಂಬ ಮಾತನ್ನು ಕೇಳಿದರೂ ಅದನ್ನು ಬರೆಯುವುದಿಲ್ಲ, ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಹೊಸದಾಗಿ ಕಲಿಯುವ ಪುಟಾಣಿ ಮಾತ್ರ ಐದೂ ಅಕ್ಷರಗಳನ್ನು ಗುಂಡಗೆ ಬರೆದು ಎಲ್ಲರನ್ನೂ ನಗಿಸುತ್ತಾನೆ.

ಈಗ ಒಂದು ತೊಡಕು. ಅಂದಿನ ಪಾಠ ವ್ಯಾಕರಣದ್ದು ಎಂದುಕೊಳ್ಳಿ. “ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮ ಇಡಬೇಕು” ಎಂಬ ವಾಕ್ಯವನ್ನೇ ಬರೆಸಬೇಕು. ಸುಮ್ಮನೆ ಹೇಳಿದರೆ ಜಾಣ ಮಕ್ಕಳು “ವಾಕ್ಯದ ಕೊನೆಯಲ್ಲಿ . ಇಡಬೇಕು” ಎಂದು ಬರೆದುಬಿಡುತ್ತಾರೆ. ಆಗ ಮೇಷ್ಟ್ರು ಏನು ಮಾಡುತ್ತಾರೆ? “ಈಗ ಹೇಳೋದನ್ನ ಹಾಗೇ ಬರೀರಿ: ಪೂರ್ಣವಿರಾಮ” ಎನ್ನುತ್ತಾರೆ. ಈ ‘ಹಾಗೇ ಬರೀರಿ’ ಎಂಬ ಮಾತು ಯಾರ ಪುಸ್ತಕದಲ್ಲೂ ಬರುವುದಿಲ್ಲ. ಅದರ ಮುಂದಿನ ಪದವನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳಿ, ಅದು ಮಾಯವಾಗುತ್ತದೆ.

ಕಂಪ್ಯೂಟರಿಗೂ ಇಂಥದ್ದೇ ಒಂದು ಸನ್ನೆ ಇದೆ. ಆ ಸನ್ನೆಯ ಹೆಸರು ಬ್ಯಾಕ್‌ಸ್ಲ್ಯಾಶ್. ನಾನು ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯುವಾಗ ಅತಿ ಹೆಚ್ಚು ತಲೆ ಕೆರೆದುಕೊಳ್ಳುವುದು ಈ ಒಂದು ಪುಟ್ಟ ಗೆರೆಯ ಮುಂದೆ. ಆದರೆ ಇದರ ಗುಟ್ಟು ಉಕ್ತಲೇಖನ ಬರೆದ ಅಜ್ಜ ಅಜ್ಜಿಯರಿಗೆ ಆಗಲೇ ಗೊತ್ತು. ಹಾಗಾಗಿ ಈ ಲೇಖನವನ್ನು ಮೊಮ್ಮಕ್ಕಳೂ ಅಜ್ಜ ಅಜ್ಜಿಯರೂ ಒಟ್ಟಿಗೆ ಕೂತು ಓದಬಹುದು.

ಎಲ್ಲಿದೆ ಈ ಗೆರೆ?

ಕೀಲಿಮಣೆಯಲ್ಲಿ ಎರಡು ಓರೆ ಗೆರೆಗಳಿವೆ. ತಾರೀಕು ಬರೆಯುವಾಗ 15/8/1947 ಎಂದು ನಡುವೆ ಹಾಕುತ್ತೇವಲ್ಲ, ಅದು ಸ್ಲ್ಯಾಶ್. ಅದು ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯಲ್ಲೇ ಇದೆ. ಇನ್ನೊಂದು, ಬೆನ್ನು ಹಿಂದಕ್ಕೆ ವಾಲಿಸಿ ಕೂತಂತೆ ಕಾಣುವ \ ಎಂಬ ಗೆರೆ. ನಮ್ಮಲ್ಲಿನ ಹೆಚ್ಚಿನ ಕೀಲಿಮಣೆಗಳಲ್ಲಿ ಇದು ಎಂಟರ್ ಕೀಲಿಯ ಮೇಲ್ಗಡೆ ಇರುತ್ತದೆ. ಇದೇ ಬ್ಯಾಕ್‌ಸ್ಲ್ಯಾಶ್. ದಿನನಿತ್ಯದ ಬರವಣಿಗೆಯಲ್ಲಿ ಇದಕ್ಕೆ ಕೆಲಸವೇ ಇಲ್ಲ. ಕಾಗದ ಬರೆಯುವವರಿಗೂ ಲೆಕ್ಕ ಬರೆಯುವವರಿಗೂ ಇದು ಬೇಡ. ಅದೇ ಇದರ ದೊಡ್ಡ ಗುಣ. ಬೇರೆ ಕೆಲಸವಿಲ್ಲದ್ದರಿಂದಲೇ ಇದನ್ನು ಸನ್ನೆಯ ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಮಾತಿನೊಳಗೊಂದು ಮಾತು

ಪ್ರೋಗ್ರಾಂ ಬರೆಯುವಾಗ ಎರಡು ಬಗೆಯ ಬರಹ ಇರುತ್ತದೆ. ಒಂದು, ಕಂಪ್ಯೂಟರ್ ಮಾಡಬೇಕಾದ ಕೆಲಸ. ಇನ್ನೊಂದು, ಅದು ಅರ್ಥ ಹುಡುಕದೆ ಇದ್ದ ಹಾಗೆ ಇಟ್ಟುಕೊಳ್ಳಬೇಕಾದ ಮಾತು. ಈ ಎರಡನೆಯದನ್ನು ಸ್ಟ್ರಿಂಗ್ ಎನ್ನುತ್ತಾರೆ. ದಾರದಲ್ಲಿ ಪೋಣಿಸಿದ ಹೂವಿನ ಹಾಗೆ ಅಕ್ಷರಗಳ ಮಾಲೆ. ಮಾಲೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಸಲು ಎರಡೂ ಕಡೆ ಉದ್ಧರಣ ಚಿಹ್ನೆ ಹಾಕುತ್ತಾರೆ:

"ಅಜ್ಜಿ ಬಂದರು"

ಸರಿ. ಆದರೆ ಅಜ್ಜಿ ಆಡಿದ ಮಾತನ್ನೂ ಸೇರಿಸಬೇಕಾದರೆ?

"ಅಜ್ಜಿ "ಉಣ್ಣು ಬಾ" ಎಂದರು"

ಕಂಪ್ಯೂಟರ್ ಎಡದಿಂದ ಓದುತ್ತಾ ಬರುತ್ತದೆ. ಮೊದಲ ಚಿಹ್ನೆ ಕಂಡಿತು, ಮಾಲೆ ಶುರು. ‘ಅಜ್ಜಿ’ ಆದ ಮೇಲೆ ಇನ್ನೊಂದು ಚಿಹ್ನೆ ಕಂಡಿತು, ಮಾಲೆ ಮುಗಿಯಿತು. ಆಮೇಲೆ ಬಂದ ‘ಉಣ್ಣು ಬಾ’ ಏನೆಂದು ಅದಕ್ಕೆ ತಿಳಿಯದು. “ಇಲ್ಲೇನೋ ತಪ್ಪಿದೆ” ಎಂದು ನಿಂತುಬಿಡುತ್ತದೆ. ಆಗ ಹೀಗೆ ಬರೆಯುತ್ತೇವೆ:

"ಅಜ್ಜಿ \"ಉಣ್ಣು ಬಾ\" ಎಂದರು"

ಒಳಗಿನ ಚಿಹ್ನೆಗಳ ಮುಂದೆ ನಮ್ಮ ಗೆರೆ ನಿಂತಿದೆ. “ಮುಂದೆ ಬರುವ ಚಿಹ್ನೆ ಮಾಲೆಯ ಕೊನೆಯಲ್ಲ, ಮಾಲೆಯ ಹೂವೇ” ಎಂದು ಅದು ಹೇಳುತ್ತದೆ. ಪರದೆಯ ಮೇಲೆ ಮೂಡುವಾಗ ಗೆರೆ ಇರುವುದಿಲ್ಲ. ಅಜ್ಜಿಯ ಮಾತು ಚಿಹ್ನೆಗಳ ಸಮೇತ ಸರಿಯಾಗಿ ಕಾಣುತ್ತದೆ. ಒಂದು ಅಕ್ಷರ ತನ್ನ ಎಂದಿನ ಕೆಲಸದಿಂದ ತಪ್ಪಿಸಿಕೊಳ್ಳುವುದರಿಂದ ಇದಕ್ಕೆ ‘ಎಸ್ಕೇಪ್’ ಎಂಬ ಹೆಸರು ಬಂದಿದೆ.

ಒಂದೇ ಗೆರೆ, ಎರಡು ಕೆಲಸ

ಇಲ್ಲಿಯವರೆಗೆ ಗೆರೆಯ ಕೆಲಸ, ವಿಶೇಷ ಚಿಹ್ನೆಯನ್ನು ಸಾಮಾನ್ಯ ಮಾಡುವುದು. ಅದು ಉಲ್ಟಾ ಕೆಲಸವನ್ನೂ ಮಾಡುತ್ತದೆ: ಸಾಮಾನ್ಯ ಅಕ್ಷರವನ್ನು ವಿಶೇಷ ಮಾಡುತ್ತದೆ. ಇಂಗ್ಲಿಷಿನ ಎನ್ ಅಕ್ಷರ ತನ್ನ ಪಾಡಿಗೆ ತಾನು ಒಂದು ಅಕ್ಷರ ಅಷ್ಟೇ. ಅದರ ಮುಂದೆ \ ಇಟ್ಟರೆ ‘ಹೊಸ ಸಾಲಿಗೆ ಹೋಗು’ ಎಂದು ಅರ್ಥ. ಟಿ ಅಕ್ಷರದ ಮುಂದೆ ಇಟ್ಟರೆ ‘ಟ್ಯಾಬ್’, ಅಂದರೆ ಕೋಷ್ಟಕದಲ್ಲಿ ಬಿಡುವಂತೆ ಅಗಲವಾದ ಜಾಗ.

ಎರಡು ಕೆಲಸ ಎಂದು ಗಾಬರಿಯಾಗಬೇಡಿ. ಎರಡಕ್ಕೂ ಸೂತ್ರ ಒಂದೇ: “ಮುಂದಿನ ಅಕ್ಷರವನ್ನು ಎಂದಿನಂತೆ ಓದಬೇಡ.” ಇಷ್ಟು ನೆನಪಿಟ್ಟರೆ ಸಾಕು.

ಹಾಗಾದರೆ ಗೆರೆಯೇ ಬೇಕಾದಾಗ? ಆಗ ಗೆರೆಯ ಮುಂದೆ ಗೆರೆ: \\ ಎಂದು ಬರೆಯಬೇಕು. ಮೊದಲನೆಯದು ಸನ್ನೆ, ಎರಡನೆಯದು ನಿಜವಾದ ಗೆರೆ.

ಇದು ಬೇಕಾಗುವ ಸಂದರ್ಭ ಬಹಳ. 1983ರಲ್ಲಿ ಬಂದ ಎಂಎಸ್-ಡಾಸ್ 2.0 ಕಂಪ್ಯೂಟರಿನ ಕಡತಗಳನ್ನು ಫೋಲ್ಡರುಗಳಲ್ಲಿ ಇಡುವ ಏರ್ಪಾಡು ತಂದಿತು. ಯಾವ ಫೋಲ್ಡರ್, ಅದರೊಳಗೆ ಯಾವುದು ಎಂದು ವಿಳಾಸ ಬರೆಯಲು ನಡುವೆ ಒಂದು ಗೆರೆ ಬೇಕಾಯಿತು. ಸ್ಲ್ಯಾಶ್ ಆಗಲೇ ಬೇರೆ ಕೆಲಸದಲ್ಲಿ ಇದ್ದುದರಿಂದ ಬ್ಯಾಕ್‌ಸ್ಲ್ಯಾಶ್ ಅನ್ನು ಹಿಡಿದರು. ವಿಂಡೋಸ್‌ನಲ್ಲಿ ಇವತ್ತಿಗೂ ಅದೇ ರೂಢಿ. ಈಗ ‘ನ್ಯೂ’ ಎಂಬ ಇಂಗ್ಲಿಷ್ ಹೆಸರಿನ ಫೋಲ್ಡರಿನ ವಿಳಾಸವನ್ನು ಪ್ರೋಗ್ರಾಂನೊಳಗೆ ಬರೆದು ನೋಡಿ. \ ಆದ ಕೂಡಲೇ ಎನ್ ಅಕ್ಷರ ಬರುತ್ತದೆ! ಕಂಪ್ಯೂಟರ್ ಅದನ್ನು ಹೊಸ ಸಾಲು ಎಂದುಕೊಂಡು, ವಿಳಾಸವನ್ನು ಎರಡು ತುಂಡು ಮಾಡಿ, “ಅಂಥ ಫೋಲ್ಡರ್ ಇಲ್ಲ” ಎಂದುಬಿಡುತ್ತದೆ. ಅಲ್ಲಿ \\ ಬರೆದರೆ ಸರಿಹೋಗುತ್ತದೆ.

ಗೆರೆ ಬಂದ ದಾರಿ

ಈ ಗೆರೆ ಕಂಪ್ಯೂಟರ್ ಲೋಕಕ್ಕೆ ಬಂದಿದ್ದು ಬೇರೆಯೇ ಕೆಲಸಕ್ಕೆ. 1961ರಲ್ಲಿ ಅಮೆರಿಕದ ಬಾಬ್ ಬೀಮರ್ ಎಂಬ ತಜ್ಞರು, ಎಲ್ಲ ಯಂತ್ರಗಳಿಗೂ ಒಂದೇ ಆಗಿರಬೇಕಾದ ಅಕ್ಷರಪಟ್ಟಿಯಲ್ಲಿ ಇದನ್ನು ಸೇರಿಸಿದರು. ತರ್ಕಶಾಸ್ತ್ರದಲ್ಲಿ ‘ಮತ್ತು’, ‘ಅಥವಾ’ ಎಂಬುದಕ್ಕೆ ಗುಡಿಸಲಿನ ಮಾಡಿನಂಥ ಒಂದು ಚಿಹ್ನೆ, ಅದನ್ನು ಮಗುಚಿಟ್ಟಂಥ ಇನ್ನೊಂದು ಚಿಹ್ನೆ ಇವೆ. ಎರಡು ಓರೆ ಗೆರೆಗಳಿದ್ದರೆ /\ ಎಂದೂ \/ ಎಂದೂ ಅವನ್ನು ಜೋಡಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ. 1963ರಲ್ಲಿ ಪ್ರಕಟವಾದ ಆ ಪಟ್ಟಿಯ ಹೆಸರು ಆಸ್ಕಿ. ಅದರಲ್ಲಿ ಬ್ಯಾಕ್‌ಸ್ಲ್ಯಾಶ್‌ನ ಸಂಖ್ಯೆ 92.

ಮುಂದೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ‘ಬಿ’ ಎಂಬ ಪ್ರೋಗ್ರಾಂ ಭಾಷೆ ರೂಪಿಸಿದಾಗ, ಸನ್ನೆಯ ಕೆಲಸ ಮಾಡುತ್ತಿದ್ದುದು ನಕ್ಷತ್ರ ಚಿಹ್ನೆ *. ಅದೇ ಪ್ರಯೋಗಾಲಯದ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ‘ಸಿ’ ಭಾಷೆ ಕಟ್ಟಿದರು. ಅದರಲ್ಲಿ ನಕ್ಷತ್ರದ ಜಾಗಕ್ಕೆ ಬ್ಯಾಕ್‌ಸ್ಲ್ಯಾಶ್ ಬಂತು. ನಕ್ಷತ್ರಕ್ಕೆ ಗುಣಾಕಾರವೇ ಮೊದಲಾದ ಹತ್ತು ಕೆಲಸ, ಗೆರೆಗೆ ಬಿಡುವೋ ಬಿಡುವು! ಸಿ ಭಾಷೆಯಿಂದ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಮುಂತಾದ ಭಾಷೆಗಳಿಗೂ ಈ ಪದ್ಧತಿ ಹರಿದು ಬಂತು.

ಹುಡುಕುವಾಗಲೂ ಅದೇ ಗೆರೆ

ನನ್ನ ಮನೆಯಲ್ಲಿ ಹತ್ತಾರು ವರ್ಷಗಳ ಮನೆಖರ್ಚಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಟ್ಟಿದ್ದೇವೆ. ಅದರಲ್ಲಿ 12.50 ಎಂಬ ಮೊತ್ತ ಎಲ್ಲೆಲ್ಲಿದೆ ಎಂದು ಹುಡುಕಬೇಕು ಎಂದುಕೊಳ್ಳಿ. ಇದಕ್ಕೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಬಹಳ ಶಕ್ತಿಯ ಹುಡುಕುವ ವಿಧಾನವಿದೆ. ಇದರ ಬೇರು ಸ್ಟೀಫನ್ ಕ್ಲೀನಿ ಎಂಬ ಗಣಿತಜ್ಞರು 1950ರ ದಶಕದಲ್ಲಿ ಮಾಡಿದ ಕೆಲಸದಲ್ಲಿದೆ. ಅದನ್ನು ಬರಹ ಹುಡುಕುವ ಉಪಾಯವಾಗಿ ಮಾಡುವುದು ಹೇಗೆಂದು 1968ರಲ್ಲಿ ಬರೆದು ತೋರಿಸಿದವರು ಅದೇ ಕೆನ್ ಥಾಂಪ್ಸನ್.

ಈ ವಿಧಾನದಲ್ಲಿ ನಾವು ಕೊಡುವುದು ಬರಿಯ ಪದವನ್ನಲ್ಲ, ಒಂದು ಅಚ್ಚನ್ನು. ಅಚ್ಚಿನಲ್ಲಿ ಚುಕ್ಕೆಗೆ ‘ಯಾವುದಾದರೂ ಒಂದು ಅಕ್ಷರ’ ಎಂದು ಅರ್ಥ. ಹಾಗಾಗಿ 12.50 ಎಂದು ಹುಡುಕಿದರೆ 12.50 ಸಿಗುತ್ತದೆ, ಜೊತೆಗೆ 12450 ಕೂಡ ಸಿಗುತ್ತದೆ, 12950 ಕೂಡ! ಹನ್ನೆರಡೂವರೆ ರೂಪಾಯಿಯ ಸೊಪ್ಪಿನ ಲೆಕ್ಕ ಕೇಳಿದರೆ ಹನ್ನೆರಡು ಸಾವಿರದ ಚಿನ್ನದ ಲೆಕ್ಕವೂ ಬಂದು ಕೂರುತ್ತದೆ. ಚುಕ್ಕೆಯನ್ನು ಬರಿಯ ಚುಕ್ಕೆಯಾಗಿಯೇ ಓದು ಎನ್ನಲು ನಮ್ಮ ಗೆರೆ ಬೇಕು: 12\.50.

ಪ್ರಶ್ನಾರ್ಥಕ ಚಿಹ್ನೆಗೂ ಅಚ್ಚಿನಲ್ಲಿ ಬೇರೆ ಅರ್ಥ: ‘ಇದರ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.’ ಆದ್ದರಿಂದ ‘ಬಂದೆಯಾ?’ ಎಂದು ಹುಡುಕಿದರೆ ‘ಬಂದೆಯ’ ಎಂಬುದೂ ಸಿಗುತ್ತದೆ. ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ‘ಯಾ’ ಎನ್ನುವುದು ‘ಯ’ ಮತ್ತು ಅದಕ್ಕೆ ಹತ್ತಿದ ದೀರ್ಘ ಎಂಬ ಎರಡು ತುಣುಕು. ಪ್ರಶ್ನಾರ್ಥಕ ಚಿಹ್ನೆ ಆ ದೀರ್ಘವನ್ನು ‘ಇದ್ದರೂ ಸರಿ’ ಮಾಡಿಬಿಡುತ್ತದೆ. ನಿಜವಾದ ಪ್ರಶ್ನೆಯನ್ನೇ ಹುಡುಕಬೇಕಾದರೆ \? ಎಂದು ಬರೆಯಬೇಕು.

ಇಲ್ಲೂ ಗೆರೆಗೆ ಉಲ್ಟಾ ಕೆಲಸವಿದೆ. ಇಂಗ್ಲಿಷಿನ ಚಿಕ್ಕ ಡಿ ಅಕ್ಷರದ ಮುಂದೆ ಅದನ್ನು ಇಟ್ಟರೆ ‘ಯಾವುದಾದರೂ ಒಂದು ಅಂಕಿ’ ಎಂದರ್ಥ. ಕನ್ನಡಿಗರಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಪೈಥಾನ್ 3ರಲ್ಲಿ ಹೀಗೆ ಹುಡುಕಿದರೆ 5 ಕೂಡ ಸಿಗುತ್ತದೆ, ಕನ್ನಡದ ೫ ಕೂಡ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಾದರೆ 5 ಮಾತ್ರ, ೫ ಅದರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಸನ್ನೆಯಾದರೂ ಓದುವವರು ಯಾರು ಎಂಬುದರ ಮೇಲೆ ಅರ್ಥ ನಿಂತಿದೆ.

ಒಂದೊಂದು ಬಾಯಿ ಒಂದೊಂದು ‘ಅಂತ’ ತಿನ್ನುತ್ತದೆ

ಸಾಲ ಕೇಳಲು ಬಂದವನಿಗೆ “ಅಪ್ಪ ಮನೇಲಿಲ್ಲ ಅಂತ ಹೇಳು” ಎಂದು ಕಳಿಸಿದರೆ, ಮಗು ಬಾಗಿಲಿಗೆ ಹೋಗಿ “ಅಪ್ಪ ಮನೇಲಿಲ್ಲ ಅಂತ ಹೇಳು ಅಂದ್ರು” ಎಂದ ಕಥೆ ಎಲ್ಲರಿಗೂ ಗೊತ್ತು. ಮಗು ಮಾಡಬೇಕಾಗಿದ್ದು ಇಷ್ಟೇ: ‘ಅಂತ ಹೇಳು’ ಎಂಬುದನ್ನು ತಾನು ನುಂಗಿಕೊಂಡು ಉಳಿದದ್ದನ್ನು ಹೇಳುವುದು.

ಮಾತು ಇಬ್ಬರನ್ನು ದಾಟಿ ಹೋಗಬೇಕಾದರೆ? ಅಡುಗೆಮನೆಯಿಂದ ಅಜ್ಜಿ ಅಣ್ಣನಿಗೆ ಹೇಳುತ್ತಾರೆ: “ಅಜ್ಜನಿಗೆ ಊಟಕ್ಕೆ ಬನ್ನಿ ಅಂತ ಹೇಳು ಅಂತ ತಂಗಿಗೆ ಹೇಳು.” ಅಣ್ಣ ತಂಗಿಗೆ: “ಅಜ್ಜನಿಗೆ ಊಟಕ್ಕೆ ಬನ್ನಿ ಅಂತ ಹೇಳು.” ತಂಗಿ ಅಜ್ಜನಿಗೆ: “ಊಟಕ್ಕೆ ಬನ್ನಿ.” ಅಜ್ಜಿಯ ಬಾಯಲ್ಲಿ ಎರಡು ‘ಅಂತ’, ಅಣ್ಣನ ಬಾಯಲ್ಲಿ ಒಂದು, ತಂಗಿಯ ಬಾಯಲ್ಲಿ ಒಂದೂ ಇಲ್ಲ. ದಾಟಿದ ಪ್ರತಿ ಬಾಯಿಯೂ ಒಂದೊಂದು ‘ಅಂತ’ ತಿಂದಿದೆ.

ಪ್ರೋಗ್ರಾಂನೊಳಗಿಂದ ಹುಡುಕುವಾಗ ಆಗುವುದೂ ಇದೇ. ಅಲ್ಲಿ ಓದುವವರು ಇಬ್ಬರು: ಮೊದಲು ಪ್ರೋಗ್ರಾಂ ಭಾಷೆ ಸ್ಟ್ರಿಂಗನ್ನು ಓದುತ್ತದೆ, ಆಮೇಲೆ ಹುಡುಕುವ ಯಂತ್ರ ಅಚ್ಚನ್ನು ಓದುತ್ತದೆ. ಒಂದೇ ಒಂದು \ ಅನ್ನು ಹುಡುಕಬೇಕು ಎಂದಿಟ್ಟುಕೊಳ್ಳಿ. ಹುಡುಕುವ ಯಂತ್ರಕ್ಕೆ \\ ತಲುಪಬೇಕು. ಅದಕ್ಕೆ ಎರಡು ತಲುಪಬೇಕಾದರೆ ಪ್ರೋಗ್ರಾಂನಲ್ಲಿ ಪ್ರತಿಯೊಂದನ್ನೂ ಜೋಡಿ ಮಾಡಿ \\\\ ಎಂದು ನಾಲ್ಕು ಬರೆಯಬೇಕು. ನಾಲ್ಕು ಹೊರಟು, ಮೊದಲ ಬಾಗಿಲಲ್ಲಿ ಎರಡಾಗಿ, ಎರಡನೆಯ ಬಾಗಿಲಲ್ಲಿ ಒಂದಾಗುತ್ತದೆ. ಈ ಬೇಲಿ ಕಂಡು ಹೆದರುವವರೇ ಹೆಚ್ಚು. ಎಷ್ಟು ಮಂದಿ ಓದುತ್ತಾರೆ ಎಂದು ಎಣಿಸಿದರೆ ಹೆದರಿಕೆ ಹೋಗುತ್ತದೆ. ಪೈಥಾನ್‌ನಲ್ಲಿ ಇದಕ್ಕೆ ಒಂದು ಅಡ್ಡದಾರಿಯೂ ಇದೆ: ಉದ್ಧರಣ ಚಿಹ್ನೆಗೆ ಮೊದಲು ಇಂಗ್ಲಿಷಿನ ಆರ್ ಅಕ್ಷರ ಇಟ್ಟರೆ, ಮೊದಲ ಓದುಗ ಗೆರೆಗಳನ್ನು ಮುಟ್ಟದೆ ದಾಟಿಸುತ್ತಾನೆ. ಆಗ ಎರಡೇ ಸಾಕು.

ಹೆಸರಿನೊಳಗೆ ಸೇರಿದ ಗೆರೆ

ಇದೆಲ್ಲ ಕಂಪ್ಯೂಟರ್ ಬಲ್ಲವರ ಗೋಜು, ನಮಗೇಕೆ ಎಂದು ಹಿರಿಯರು ಕೇಳಬಹುದು. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗಿಯ ಅಜ್ಜಿ ಒಂದು ಕಾಗದ ಹಿಡಿದು ಬಂದರು. ಅವರದು ಡಿ'ಸೋಜ ಎಂಬ ಮನೆತನದ ಹೆಸರು. ಮಂಗಳೂರಿನ ಕಡೆ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಪೋರ್ಚುಗೀಸ್ ಭಾಷೆಯಿಂದ ಬಂದ ಈ ಹೆಸರುಗಳನ್ನು ಬರೆಯುವಾಗ ‘ಡಿ’ ಆದ ಮೇಲೆ ಒಂದು ಕೊಂಬು ಬರುತ್ತದೆ. ಮಗುವಿನ ವಿದ್ಯಾರ್ಥಿವೇತನದ ಅರ್ಜಿಯ ಪ್ರತಿಯಲ್ಲಿ ಅದು ಡಿ\'ಸೋಜ ಎಂದು ಅಚ್ಚಾಗಿತ್ತು. ತಿದ್ದುಪಡಿಗೆ ಕೊಟ್ಟ ಮೇಲೆ ಬಂದ ಎರಡನೆಯ ಕಾಗದದಲ್ಲಿ ಡಿ\\\'ಸೋಜ!

“ಇದು ಎಂತ ಮಾಷ್ಟ್ರೇ? ನಮ್ಮ ಹೆಸರಿಗೆ ಬೇಲಿ ಹಾಕಿದ್ದಾರಲ್ಲ?” ಎಂದರು ಅಜ್ಜಿ. ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಬೇರೆ, ಅರ್ಜಿಯಲ್ಲಿ ಬೇರೆ. ಎರಡೂ ಹೊಂದದಿದ್ದರೆ ಹಣ ಬರುವಂತಿಲ್ಲ. ಕೊಂಬನ್ನೇ ತೆಗೆದು ಬರೆಯಿರಿ ಎಂದು ಯಾರೋ ಸಲಹೆ ಕೊಟ್ಟಿದ್ದರಂತೆ. “ಅದು ನನ್ನ ಗಂಡನ ಹೆಸರು, ಅವರ ಅಪ್ಪನ ಹೆಸರು. ಮಿಷನಿಗೆ ಬರುವುದಿಲ್ಲ ಅಂತ ನಾವು ಹೆಸರು ಬಿಡಬೇಕಾ?” ಎಂದು ಕೇಳಿದರು.

ಆಗಿದ್ದನ್ನು ಹುಡುಗಿಗೆ ಬಿಡಿಸಿ ಹೇಳಿದೆ. ಹೆಸರಿನಲ್ಲಿರುವ ಕೊಂಬೂ ಸ್ಟ್ರಿಂಗಿನ ಕೊನೆ ಹೇಳುವ ಒಂಟಿ ಉದ್ಧರಣ ಚಿಹ್ನೆಯೂ ಕಂಪ್ಯೂಟರಿಗೆ ಒಂದೇ. ಕಾಪಾಡಲೆಂದು ಪ್ರೋಗ್ರಾಂ ಅದರ ಮುಂದೆ \ ಇಡುತ್ತದೆ. ಓದುವಾಗ ಅದನ್ನು ತೆಗೆಯಬೇಕು. ತೆಗೆಯದೆ ಹಾಗೇ ಅಚ್ಚು ಮಾಡಿದರೆ ಒಂದು ಗೆರೆ ಕಾಣುತ್ತದೆ. ಅದನ್ನೇ ಮತ್ತೆ ಒಳಗೆ ಕಳಿಸಿದರೆ ಗೆರೆಗೊಂದು ಗೆರೆ, ಕೊಂಬಿಗೊಂದು ಗೆರೆ ಸೇರಿ ಮೂರಾಗುತ್ತದೆ. ಅಂತರ್ಜಾಲದ ಪುಟಗಳನ್ನು ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಹೀಗೆ ತಾನಾಗಿಯೇ ಗೆರೆ ಸೇರಿಸುವ ಏರ್ಪಾಡೇ ಇತ್ತು. ಉಪಕಾರಕ್ಕಿಂತ ಉಪದ್ರವವೇ ಹೆಚ್ಚೆಂದು 2012ರಲ್ಲಿ ಅದನ್ನು ತೆಗೆದುಹಾಕಿದರು. ಈಗಿನ ಒಳ್ಳೆಯ ಪದ್ಧತಿಯೆಂದರೆ, ಜನ ತುಂಬಿದ ಹೆಸರನ್ನು ಆಜ್ಞೆಯ ನಡುವೆ ತುರುಕದೆ, ಬೇರೆ ಲಕೋಟೆಯಲ್ಲಿ ಇಟ್ಟಂತೆ ಪ್ರತ್ಯೇಕವಾಗಿ ಒಪ್ಪಿಸುವುದು. ಆಗ ಕೊಂಬಿಗೂ ತೊಂದರೆಯಿಲ್ಲ. ಕೊಂಬಿನ ನೆಪದಲ್ಲಿ ಕಳ್ಳ ಆಜ್ಞೆಗಳನ್ನು ಒಳಗೆ ನುಗ್ಗಿಸುವವರಿಗೂ ದಾರಿಯಿಲ್ಲ.

ಅಜ್ಜಿಯ ಜೊತೆ ಕಚೇರಿಗೆ ಹುಡುಗಿಯೇ ಹೋದಳು. ಎರಡೂ ಕಾಗದ ಮುಂದಿಟ್ಟು, “ಸರ್, ಮೊದಲು ಒಂದಿತ್ತು, ಈಗ ಮೂರಾಗಿದೆ. ಹೆಸರು ಎರಡು ಸಲ ಎಸ್ಕೇಪ್ ಆಗಿದೆ” ಎಂದಳಂತೆ. ಮೇಜಿನ ಆಚೆಯವರು ಅದನ್ನು ಹಾಗೆಯೇ ಬರೆದುಕೊಂಡು ಮೇಲಕ್ಕೆ ಕಳಿಸಿದರು. ಕೆಲವು ವಾರಗಳ ಮೇಲೆ ಬಂದ ಕಾಗದದಲ್ಲಿ ಹೆಸರು ಕೊಂಬಿನ ಸಮೇತ ಸರಿಯಾಗಿತ್ತು, ಗೆರೆ ಇರಲಿಲ್ಲ.

ಮನೆಯಲ್ಲಿ ಆಡುವ ಆಟ

ಈ ರಜೆಯಲ್ಲಿ ಅಜ್ಜ ಅಜ್ಜಿಯರು ಮೇಷ್ಟ್ರಾಗಲಿ, ಮೊಮ್ಮಕ್ಕಳು ಕಂಪ್ಯೂಟರ್ ಆಗಲಿ. ನಿಯಮ ಮೂರು. ‘ಚುಕ್ಕೆ’ ಎಂದರೆ ಒಂದು ಚುಕ್ಕೆ ಇಡಬೇಕು. ‘ಸಾಲು’ ಎಂದರೆ ಹೊಸ ಸಾಲಿಗೆ ಹೋಗಬೇಕು. ‘ಹಾಗೇ’ ಎಂದರೆ ಅದನ್ನು ಬರೆಯದೆ, ಅದರ ಮುಂದಿನ ಒಂದೇ ಒಂದು ಪದವನ್ನು ಪದವಾಗಿಯೇ ಬರೆಯಬೇಕು. ಈಗ ಇವನ್ನು ಹೇಳಿ ಬರೆಸಿ:

1. ಹಣೆಗೆ ಹಾಗೇ ಚುಕ್ಕೆ ಇಟ್ಟಳು ಚುಕ್ಕೆ
2. ಇರುವೆಗಳ ಹಾಗೇ ಸಾಲು ಹೋಯಿತು ಚುಕ್ಕೆ
3. ಅವನು ಹಾಗೇ ಹಾಗೇ ಚುಕ್ಕೆ
4. ಹಾಗೇ ಹಾಗೇ ಹಾಗೇ ಚುಕ್ಕೆ

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಜಗಳವಾದರೆ, ಎಡದಿಂದ ಶುರು ಮಾಡಿ ಇಬ್ಬಿಬ್ಬರನ್ನಾಗಿ ಜೋಡಿ ಮಾಡಿ: ಮೊದಲನೆಯದು ಸನ್ನೆ, ಎರಡನೆಯದು ಪದ.

ಉತ್ತರ: 1. ಹಣೆಗೆ ಚುಕ್ಕೆ ಇಟ್ಟಳು. 2. ಇರುವೆಗಳ ಸಾಲು ಹೋಯಿತು. 3. ಅವನು ಹಾಗೇ. 4. ಹಾಗೇ ಚುಕ್ಕೆ (ಕೊನೆಯಲ್ಲಿ ಚುಕ್ಕೆ ಇಡುವಂತಿಲ್ಲ!)